ಎಡತೋಳು ಹಾಗೂ ದೇಶದ ಆರ್ಥಿಕತೆ

ಹಿರಿಯೂರಿನ ಹೆದ್ದಾರಿ ಬದಿಯ ಗಾರ್ಮೆಂಟ್ಸ್ ಒಂದರಲ್ಲಿ ನಾನು ಸೂಪರ್‌ವೈಸರ್. ಗಂಡಸರ ಅಂಗಿ ಹೊಲಿಸಿ ಪರದೇಶಕ್ಕೆ ಕಳಿಸುವುದು ನಮ್ಮ ಕಸುಬು. ಕೆಲಸದ ಹೊತ್ತಿನಲ್ಲಿ ನಗಬಾರದೆಂದು ನಿಯಮವೇನಿಲ್ಲ, ಆದರೂ ತಡೆದುಕೊಳ್ಳುತ್ತೇನೆ. ಇಲ್ಲಿನವರು ಅದಕ್ಕೆ ಸಹಕರಿಸುವುದಿಲ್ಲ.

೧. ಅಂಗಿ ಎಲ್ಲಿಗೆ ಹೋಗುತ್ತದೆ

ಒಮ್ಮೆ ಚಿತ್ರದುರ್ಗದಿಂದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕರೆತಂದರು. ಜವಳಿ ಉದ್ಯಮವೇ ದೇಶದ ಬೆನ್ನೆಲುಬು, ಹಳ್ಳಿಯ ಹೆಣ್ಣುಮಕ್ಕಳು ಇಂದು ಜಗತ್ತಿಗೇ ಬಟ್ಟೆ ತೊಡಿಸುತ್ತಿದ್ದಾರೆ ಎಂದು ಮಷೀನುಗಳ ಸದ್ದಿಗಿಂತ ಜೋರಾಗಿ ವಿವರಿಸಿದರು. ಸಾಕ್ಷಿಗೆಂದು, ಧರ್ಮಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬಾಕೆಯ ಮುಂದೆ ನಿಂತರು. ಆಕೆ ಆರು ವರ್ಷದಿಂದ ಅಂಗಿಗೆ ಎಡತೋಳು ಕೂಡಿಸುತ್ತಿದ್ದಾಳೆ. ಎಡತೋಳು ಮಾತ್ರ.

"ಈ ಅಂಗಿ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಗೊತ್ತೇನಮ್ಮ?"

"ಗೊತ್ತಿಲ್ದೆ ಏನ್ರಿ ಸಾ? ಬಲತೋಳಿನಕ್ಕನ ತಾವ."

ಅಮೆರಿಕವನ್ನು ನಿರೀಕ್ಷಿಸಿ ಪೆನ್ನು ತೆರೆದಿದ್ದ ವಿದ್ಯಾರ್ಥಿಗಳು ಬಲತೋಳಿನಕ್ಕನನ್ನೇ ಬರೆದುಕೊಂಡರು.

೨. ಕಂಬಳಿ ಮತ್ತು ಕುಬುಸ

ಎಡತೋಳಿನಾಕೆಯ ಅತ್ತೆಗೆ ಅರ್ಥಶಾಸ್ತ್ರದಲ್ಲಿ ನಂಬಿಕೆ ಇಲ್ಲ. ಕುರಿ ಸಾಕುವ ಮನೆ. ಕಿರಿಮಗನ ಮದುವೆ ಗೊತ್ತಾದಾಗ ರವಿಕೆಗಾಗುವ ಒಂದು ಹಸಿರು ಕಣ ಕೊಟ್ಟು, "ಮದುವೆಗೆ ನಂಗೆ ನೀನೇ ಕುಬುಸ ಹೊಲಿ" ಅಂದರು.

"ನಂಗೆ ಎಡತೋಳಷ್ಟೇ ಬರೋದು ಅತ್ತೆ."

"ಉಣ್ಣೆ ನಾನು ನೂಲ್ತಿದ್ದೆ, ನಿಮ್ಮಾವ ನೇಯ್ತಿದ್ದ. ಇಬ್ರೇ ಸೇರಿ ಕಂಬ್ಳಿ ಮುಗಿಸ್ತಿದ್ವಿ. ಆರು ವರ್ಷ ಬಸ್ಸು ಹತ್ತಿ ಇಳ್ದು ಒಂದು ತೋಳು ಕಲ್ತೇನೇ? ಕುಬುಸ ಆಗ್ಲಿಲ್ಲಾಂದ್ರೆ ಆ ಕೆಲ್ಸ ಬಿಟ್ಟು ಕುರಿ ಹಿಂದೆ ಹೋಗು."

ಗುಟ್ಟಾಗಿ ಊರ ಟೈಲರನ ಕೈಲಿ ಹೊಲಿಸಬಹುದಿತ್ತು. ಆತ ಅತ್ತೆಯ ತಮ್ಮ.

ಆಕೆ ನನ್ನೆದುರು ಕಣ್ಣೊರೆಸಿಕೊಂಡಳು. "ಕುರಿ ಕಾಯೋದು ಅಷ್ಟು ಕಷ್ಟವೇನಮ್ಮ?" ಎಂದೆ.

"ಕುರಿಗೆ ಭಾನುವಾರ ಇರಲ್ಲ ಸಾ."

೩. ಊಟದ ಬಿಡುವು

ಕಂಪನಿಯ ಮಷೀನಿನಲ್ಲಿ ಸ್ವಂತ ಬಟ್ಟೆ ಹೊಲಿಯುವಂತಿಲ್ಲ. ಆದರೆ ಊಟದ ಹೊತ್ತಿನಲ್ಲಿ ನನ್ನ ದೃಷ್ಟಿ ತುಸು ಮಂದ. ಮದುವೆಯ ಹಿಂದಿನ ದಿನ, ಬುತ್ತಿ ಮುಚ್ಚಿಟ್ಟು ಎಲ್ಲರೂ ಮಷೀನಿಗೆ ಕೂತರು. ಬಟ್ಟೆ ಕತ್ತರಿಸುವವನು ಅಳತೆ ಕೇಳಿದ.

"ನಮ್ಮತ್ತೆ ನಿನ್ನಷ್ಟೇ ಅವ್ರೆ ಕಣಣ್ಣ."

ಅವನು ತನ್ನ ಅಳತೆಗೇ ಕತ್ತರಿಸಿದ. ಕಣ ಸಾಲಿನುದ್ದಕ್ಕೂ ಹೊರಟಿತು. ಕೈಗಳು ರೂಢಿಯಂತೆ ನಡೆದವು: ಕಾಲರಿನಾಕೆ ಕಾಲರು, ಜೇಬಿನಾಕೆ ಜೇಬು. ಪ್ಯಾಕಿಂಗ್‌ನವರು ಒಳಗೆ ರಟ್ಟಿಟ್ಟು, ಗುಂಡುಸೂಜಿ ಚುಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿದರು. ನನ್ನ ಮೇಜಿಗೆ ಬಂದದ್ದು ಹಸಿರು ಬಣ್ಣದ ಗಂಡಸರ ಅಂಗಿ. ಬಟ್ಟೆ ಸಾಲದೆ ಅದು ಹೊಟ್ಟೆಯ ಮೇಲೆಯೇ ನಿಂತಿತ್ತು. ಕುಬುಸ ಎನ್ನಲು ಇದ್ದ ಆಧಾರ ಅದೊಂದೇ.

ತಪ್ಪು ಹುಡುಕುವುದು ನನ್ನ ಕೆಲಸ. ತಿರುವಿ ತಿರುವಿ ನೋಡಿದೆ. ಹೊಲಿಗೆಯಲ್ಲಿ ಒಂದೂ ತಪ್ಪಿರಲಿಲ್ಲ.

೪. ಅತ್ತೆ ಬಂದರು

ಮದುವೆ ಮುಗಿದ ಸೋಮವಾರ ಬಸ್ಸಿನಿಂದ ಮೊದಲು ಇಳಿದದ್ದು ಅತ್ತೆ. ಸೆರಗಿನ ಮೇಲೆ ಹಸಿರು ಕಾಲರು ನೆಟ್ಟಗೆ ನಿಂತಿತ್ತು. ಕಂಕುಳಲ್ಲಿ ಗಂಟು. ಹಿಂದೆ ತಲೆ ತಗ್ಗಿಸಿದ ಸೊಸೆ.

"ಯಾರಪ್ಪ ಇಲ್ಲಿ ದೊಡ್ಡೋರು?"

ಎಲ್ಲರೂ ನನ್ನನ್ನು ತೋರಿಸಿದರು. ಇಂಥ ವಿಷಯದಲ್ಲಿ ನಮ್ಮಲ್ಲಿ ಒಗ್ಗಟ್ಟಿದೆ.

"ಈ ಜೇಬು ಇಟ್ಟೋಳು ಯಾರು?"

ಜೇಬಿನಾಕೆ ಮಷೀನಿನ ಕೆಳಗೆ ಬಗ್ಗಿ, ಬೀಳದ ಸೂಜಿ ಹುಡುಕತೊಡಗಿದಳು.

ಅಜ್ಜಿ ಜೇಬಿನಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಕೊನೆಗೆ ಮೊಬೈಲು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇಷ್ಟು ವರ್ಷ ಇವನ್ನೆಲ್ಲ ಸೊಂಟಕ್ಕೆ ಸಿಗಿಸ್ಕಂಡು ಬಗ್ಗೋಕೂ ಆಗ್ತಿರ್ಲಿಲ್ಲ. ಗಂಡಸ್ರಿಗಷ್ಟೇ ಜೇಬು ಇಟ್ಕಂಡು ಸುಮ್ಕಿದ್ರಲ್ಲ ನೀವು! ಮದುವೇಲಿ ಹೆಣ್ಣುನ್ನ ಬಿಟ್ಟು ಎಲ್ಲಾ ನನ್ನೇ ನೋಡಿದ್ರು."

ಗಂಟು ಬಿಚ್ಚಿದರು. ಹೊಸ ಬೀಗಿತ್ತಿಯದೂ ಸೇರಿ ಊರ ಹೆಂಗಸರ ಕಣಗಳ ರಾಶಿ. "ಎಲ್ಲಕ್ಕೂ ಜೇಬಿರ್ಬೇಕು."

ನಾನು ಧೈರ್ಯ ಮಾಡಿ ಕೇಳಿದೆ: "ಹಂಗಾದ್ರೆ ಸೊಸೆ ಕೆಲ್ಸ ಬಿಡ್ಸಲ್ಲ ತಾನೇ ಅಜ್ಜಿ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಿಡ್ಸಿದ್ರೆ ಎಡತೋಳು ನಿಮ್ಮಪ್ಪ ಹೊಲೀತಾನೇನಲೇ?"