ಆಕಾಶದ ಎಪ್ಪತ್ತೊಂದು ಫೋಟೋಗಳು

ಒಂಟಿ ಮನುಷ್ಯನಿಗೆ ಒಪ್ಪುವ ಹವ್ಯಾಸಗಳು ಲೋಕದಲ್ಲಿ ಬೇಕಾದಷ್ಟಿವೆ. ಅಂಚೆಚೀಟಿ ಕೂಡಿಸಬಹುದು, ಪದಬಂಧ ಬಿಡಿಸಬಹುದು, ಏನೂ ಬೇಡವೆಂದರೆ ಜಗುಲಿಯ ಮೇಲೆ ಕುಳಿತು ನಶ್ಯ ಏರಿಸಬಹುದು. ಇವೆಲ್ಲವನ್ನೂ ಬಿಟ್ಟು, ಇಬ್ಬರಿಲ್ಲದೆ ಆಗದಂಥ ಹವ್ಯಾಸವನ್ನೇ ಹುಡುಕಿ ತಲೆಗೆ ಕಟ್ಟಿಕೊಂಡ ಒಂಟಿ ಮನುಷ್ಯ ನಾನು. ಆಟದ ರಾಕೆಟ್ ಹಾರಿಸುವುದು, ಅದು ಹಾರುವಾಗ ಫೋಟೋ ತೆಗೆಯುವುದು. ಹಾರಿಸಲು ಒಬ್ಬ, ತೆಗೆಯಲು ಒಬ್ಬ. ಇಷ್ಟು ಸಣ್ಣ ಲೆಕ್ಕ ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯುವ ಹೊತ್ತಿಗೆ ಕ್ಯಾಮೆರಾ ಕೊಂಡಾಗಿತ್ತು.

ಆಗ ನಾನು ನಾಯಕನಹಟ್ಟಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ಊರಿನ ಅಷ್ಟೂ ಫೋನುಗಳ ಪ್ರಾಣ ನನ್ನ ಕೈಯಲ್ಲಿತ್ತು. ಯಾರ ಮನೆಯ ಗಂಟೆ ಹೊಡೆಯದಿದ್ದರೂ ನನ್ನನ್ನೇ ಬೈಯುತ್ತಿದ್ದರು. ನನಗೆಂದು ಬರುವ ಫೋನು ಮಾತ್ರ ದಿನಕ್ಕೊಂದೇ. ಬೆಳಿಗ್ಗೆ ಚಳ್ಳಕೆರೆಯಿಂದ, ಲೈನು ಸರಿಯಿದೆಯೇ ಎಂದು ಪರೀಕ್ಷಿಸಲು. "ಕೇಳಿಸ್ತೈತಾ?" ಅನ್ನುತ್ತಿದ್ದರು. "ಕೇಳಿಸ್ತದೆ" ಅನ್ನುತ್ತಿದ್ದೆ. ಅಲ್ಲಿಗೆ ಆ ದಿನದ ನನ್ನ ಸಂಸಾರದ ಮಾತುಕತೆ ಮುಗಿಯಿತು. ವಯಸ್ಸು ನಲವತ್ತೊಂದು, ಮದುವೆ ಆಗಿರಲಿಲ್ಲ. ಇದ್ದೊಬ್ಬ ಅಕ್ಕ ದಾವಣಗೆರೆಯಲ್ಲಿ. ಭಾನುವಾರಗಳೆಂದರೆ ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಮದ್ದು, ಬೆಂಕಿ ಎಂದರೆ ನನಗೆ ಚಿಕ್ಕಂದಿನಿಂದ ಹೆದರಿಕೆ. ಹಾಗಾಗಿ ನನ್ನದು ನೀರಿನ ರಾಕೆಟ್. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಮೂರು ಪಾಲಿಗೆ ಒಂದು ಪಾಲು ನೀರು ತುಂಬಿ, ಬಾಯಿಗೆ ಬಿರಡೆ ಜಡಿದು, ತಲೆಕೆಳಗಾಗಿ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಬಿರಡೆಗೆ ಅಡ್ಡ ಹಾಕಿದ ಕಡ್ಡಿಯನ್ನು ದಾರದಿಂದ ಎಳೆದರೆ ಸುಯ್ಯೆಂದು ಮೇಲಕ್ಕೆ. ಮೂತಿಗೆ, ರೆಕ್ಕೆಗೆ ಲಗ್ನಪತ್ರಿಕೆಯ ದಪ್ಪ ಕಾಗದ. ಫೋನಿರುವ ಮನೆಯವರೆಲ್ಲ ನನಗೆ ಲಗ್ನಪತ್ರಿಕೆ ಕೊಡುತ್ತಿದ್ದರು, ಮದುವೆಯ ದಿನ ಲೈನು ಕೆಡದಿರಲಿ ಎಂದು. ಒಂದು ರೆಕ್ಕೆಯ ಮೇಲೆ ವರನ ಹೆಸರು, ಇನ್ನೊಂದರ ಮೇಲೆ ವಧುವಿನದು, ಮೂತಿಯ ಮೇಲೆ "ತಮ್ಮ ಆಗಮನಾಭಿಲಾಷಿಗಳು". ಎಷ್ಟೋ ಜೋಡಿಗಳನ್ನು ನಾನು ತೆಂಗಿನ ಮರದ ಎತ್ತರಕ್ಕೆ ಏರಿಸಿದ್ದೇನೆ. ಅವರ ಸಂಸಾರ ಹೇಗಿದೆಯೋ ಗೊತ್ತಿಲ್ಲ.

ಒಂದು ಭಾನುವಾರ ರಾಕೆಟ್ಟು ಎಂದಿಲ್ಲದಷ್ಟು ಎತ್ತರ ಹೋಯಿತು. ನಾನು ಕುಣಿದುಬಿಟ್ಟೆ. ಕುಣಿದು ಸುತ್ತ ನೋಡಿದರೆ ಹುಲ್ಲು, ಗಾಳಿ, ದೂರದಲ್ಲೊಂದು ಜಾಲಿ ಗಿಡ. ಸಂಜೆ ಅಕ್ಕನಿಗೆ ಫೋನು ಮಾಡಿ ಹೇಳಿದೆ. "ಹೂಂ, ಊಟ ಮಾಡಿದ್ಯಾ?" ಅಂದಳು. ಅವಳ ತಪ್ಪೇನಿಲ್ಲ. ಆದರೆ ಅವತ್ತು ನನಗೆ ಅನ್ನಿಸಿದ್ದು, ನೋಡಿದವನು ನಾನೊಬ್ಬನೇ ಆದರೆ ಅದು ಹಾರಿತೆಂದು ಯಾರು ಹೇಳಬೇಕು? ಒಂದು ಫೋಟೋ ಬೇಕು. ಆಕಾಶದಲ್ಲಿ ನನ್ನ ರಾಕೆಟ್ಟಿರುವ ಒಂದೇ ಒಂದು ಫೋಟೋ.

ನಾನು ಹಾರಿಸುತ್ತಿದ್ದುದು ಊರಾಚೆಯ ಹುಲ್ಲುಗಾವಲಾದ ವರವು ಕಾವಲಿನಲ್ಲಿ, ಅದಕ್ಕೆ ಆಗಿನ್ನೂ ಸುತ್ತುಗೋಡೆ ಬಂದಿರಲಿಲ್ಲ. ಸೈಕಲ್ಲಿಗೆ ನೀರಿನ ಕ್ಯಾನು ಕಟ್ಟಿಕೊಂಡು ಹೋಗಿ, ದಾರವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ, ಕ್ಯಾಮೆರಾ ಕಣ್ಣಿಗಿಟ್ಟು ಒದೆಯುತ್ತಿದ್ದೆ. ಒದ್ದ ರಭಸಕ್ಕೆ ರಾಕೆಟ್ಟು ಮೇಲಕ್ಕೆ, ನಾನು ಹಿಂದಕ್ಕೆ. ಮೊದಲ ರೋಲಿನ ಮೂವತ್ತಾರೂ ಹೀಗೆ ಮುಗಿದವು. ಚಳ್ಳಕೆರೆಯ ಸ್ಟುಡಿಯೋದ ಬಾಷಾ ಸಾಬರು ಲಕೋಟೆ ಕೊಡುತ್ತ ಬೇಸರದಿಂದ ಕೇಳಿದರು. "ಸಾರ್, ಪೂರಾ ಆಸ್ಮಾನ್ ಐತೆ. ಮೋಡ ಭೀ ಇಲ್ಲ. ಮನೇಲಿ ಎಲ್ಲಾ ಖೈರಿಯತ್ ತಾನೆ?"

ಎರಡನೆಯ ರೋಲು ಹಾಕಿಕೊಂಡು ಹೋದ ಭಾನುವಾರ ಪಾಲಯ್ಯ ಸಿಕ್ಕಿದ. ದೇವರ ಎತ್ತುಗಳ ಹಿಂಡನ್ನು ಕಾಯುವ ಕಿಲಾರಿ ಅವನು. ನೊಗಕ್ಕೆ ಹೂಡದ, ಮಾರದ, ದೇವರಿಗೆಂದೇ ಬಿಟ್ಟ ದನಗಳು. ಅವು ಮೇಯುವಲ್ಲೇ ಅವನ ವಾಸ. ಹಟ್ಟಿಯಲ್ಲಿ ಮನೆ, ಮಕ್ಕಳು ಇದ್ದರೂ ಅವನು ಅಲ್ಲಿಗೆ ಹೋಗುವುದು ಅಪರೂಪ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಬಿದ್ದದ್ದನ್ನು ಕೋಲೂರಿಕೊಂಡು ನಿಧಾನವಾಗಿ ನೋಡಿ ಮುಗಿಸಿ ಹತ್ತಿರ ಬಂದ.

"ಮಳೆ ಮ್ಯಾಲಿಂದ ಕೆಳಕ್ಕೆ ಬರ್ಬೇಕು ಸ್ವಾಮಿ. ಈ ಸೀಮೇಲಿ ನೀವು ಇರೋ ನೀರ್ನೂ ಮ್ಯಾಲಕ್ಕೆ ಕಳಿಸ್ತೀರಲ್ಲ!"

ನಾನು ನನ್ನ ಕಷ್ಟವನ್ನೆಲ್ಲ ತೋಡಿಕೊಂಡೆ. "ದಾರ ಎಳಿಯಾಕೆ ಒಬ್ರು ಬೇಕು, ಅಷ್ಟೇ ತಾನೆ?" ಎಂದು ದಾರ ಕೈಗೆ ತೆಗೆದುಕೊಂಡ. ತಕ್ಷಣ ಕೊಟ್ಟುಬಿಟ್ಟು, "ಮೊದ್ಲು ಕೆರ ಬಿಡ್ರಿ, ದೇವರ ದನ ಐದಾವೆ" ಅಂದ. ಅಂದಿನಿಂದ ನಾನು ಆ ಮುಳ್ಳುನೆಲದಲ್ಲಿ ಬರಿಗಾಲಲ್ಲೇ ರಾಕೆಟ್ಟಿನ ಹಿಂದೆ ಓಡಿದೆ.

ರಾಕೆಟ್ ಎಂದ ಮೇಲೆ ಎಣಿಕೆ ಇರಬೇಕಲ್ಲ. "ಪಾಲಣ್ಣ, ನೀವೇ ಎಣಿಸಿ. ಒಂದು ಬಂದ ಕೂಡಲೇ ಎಳೀಬೇಕು" ಎಂದು ಹೇಳಿ, ಹತ್ತು ಒಂಬತ್ತು ಎನ್ನುವಷ್ಟರಲ್ಲಿ ಕ್ಯಾಮೆರಾ ಸರಿಮಾಡಿಕೊಳ್ಳೋಣವೆಂದು ಆರಾಮವಾಗಿ ಗಾಜು ಒರೆಸುತ್ತಿದ್ದೆ. ಪಾಲಯ್ಯ "ಲಾಭ!" ಎಂದು ಕೂಗಿ ಎಳೆದೇಬಿಟ್ಟ. ರಾಕೆಟ್ಟು ಹೋಯಿತು, ನನ್ನ ಅಂಗಿ ಪೂರ್ತಿ ನೆನೆಯಿತು.

"ಇದೇನು ಪಾಲಣ್ಣ!"

"ಒಂದಕ್ಕೆ ಎಳಿ ಅಂದ್ರಿ, ಎಳ್ದೆ. ರಾಗಿ ಅಳಿಯಾಗ ಒಂದಕ್ಕೆ ಲಾಭ ಅಂತೀವಿ. ಒಂದು ಮೊದ್ಲು ಬರ್ದೆ ಇನ್ಯಾವಾಗ ಬರ್ತೈತೆ?"

ನಮ್ಮ ಎಣಿಕೆ ಮೇಲಿಂದ ಕೆಳಕ್ಕೆ ಎಂದು ವಿವರಿಸಿದೆ. ಅವನ ಮುಖ ಸಪ್ಪಗಾಯಿತು. "ಬ್ಯಾಡ ಸ್ವಾಮಿ. ಎಣಿಕೆ ಇಳಿಸ್ಬಾರ್ದು. ಇರೋದೆಲ್ಲ ಬರಿದಾತು ಅಂದಂಗೆ ಆಗ್ತೈತೆ." ನನ್ನ ಬದುಕಿನಲ್ಲಿ ಬರಿದಾಗಲು ಉಳಿದಿರುವುದಾದರೂ ಏನು ಎಂದು ಕೇಳಬೇಕೆನ್ನಿಸಿತು. ಕೊನೆಗೆ ಲಾಭ, ಎರಡು, ಮೂರಕ್ಕೆ ಎಳೆಯುವುದೆಂದು ರಾಜಿಯಾಯಿತು.

ಆಮೇಲಿನ ಭಾನುವಾರಗಳಿಗೆ ನಾನು ಹೆದರಲಿಲ್ಲ. ಶನಿವಾರವೇ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದೆ. ಅವನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಡುತ್ತಿದ್ದ, ನಾನು ಬೀಡಿ ಒಯ್ಯುತ್ತಿದ್ದೆ. ಅಷ್ಟರ ನಡುವೆ ರಾಕೆಟ್ಟಿನದೇ ಒಂದು ತಾಪತ್ರಯ. ಅದು ಮೂರಕ್ಕೆ ಹೊರಟರೆ ನನ್ನ ಬೆರಳು ನಾಲ್ಕಕ್ಕೆ ಒತ್ತುತ್ತಿತ್ತು. ಒಮ್ಮೆ ಪಾಲಯ್ಯ ನಾಚುತ್ತ, "ನಮ್ ದೊಡ್ಡೆತ್ತಿಂದೂ ನಂದೂ ಒಂದ್ ಹೊಡೀರಿ ಸ್ವಾಮಿ" ಅಂದ. "ರಾಕೆಟ್ಟು ಒಂದು ಸಿಕ್ಕಿಬಿಡಲಿ ಪಾಲಣ್ಣ. ಮುಂದಿನ ರೋಲಿನಲ್ಲಿ ಮೊದಲನೆಯದು ನಿಮ್ಮದೇ" ಅಂದೆ. ಜುಗ್ಗತನವೇನಲ್ಲ ಅದು, ಮಂಕುತನ. ಅವನು "ಆಗ್ಲೇಳ್ರಿ" ಎಂದು ಎತ್ತಿನ ಮೈ ತಟ್ಟಿದ.

ಎರಡನೆಯ ರೋಲಿನಲ್ಲಿ ಒಂದೇ ಒಂದು ಉಳಿದಾಗ ನನ್ನ ಬೆರಳಿನ ಮೇಲೆ ನನಗೇ ನಂಬಿಕೆ ಹೋಗಿತ್ತು. "ಪಾಲಣ್ಣ, ನಾನು ಎಳೀತೀನಿ, ನೀವು ಇದನ್ನ ಒತ್ತಿ. ಹಾರುವಾಗ ಹಿಡೀಬೇಕು" ಎಂದು ಕ್ಯಾಮೆರಾ ಕೊಟ್ಟೆ. ಅವನು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಒಂದು ಕಣ್ಣು ಮುಚ್ಚಿದ. ನಂತರ ಕಣ್ಣು ತೆರೆದು, "ಅಂಗಿ ಗುಂಡಿ ಹಾಕ್ಕಳ್ರಿ" ಅಂದ. ರಾಕೆಟ್ಟಿಗೂ ನನ್ನ ಗುಂಡಿಗೂ ಏನು ಸಂಬಂಧವೋ ತಿಳಿಯಲಿಲ್ಲ. ಹಿರಿಯರ ಮಾತೆಂದು ಹಾಕಿಕೊಂಡೆ. ಲಾಭ, ಎರಡು, ಮೂರು. ರಾಕೆಟ್ಟು ಅವತ್ತು ಹೋದಷ್ಟು ಎತ್ತರ ಹಿಂದೆಂದೂ ಹೋಗಿರಲಿಲ್ಲ. ಕ್ಲಿಕ್ ಎಂದದ್ದೂ ಕೇಳಿಸಿತು. "ಹಿಡ್ದೆ ಸ್ವಾಮಿ! ಚೆಂದಾಗಿ ಬಂದೈತೆ!"

ಬಾಷಾ ಸಾಬರು ಈ ಸಲ ಬಾಗಿಲಲ್ಲೇ ನಗುತ್ತ ನಿಂತಿದ್ದರು. "ಮುಬಾರಕ್ ಸಾರ್. ಆಸ್ಮಾನ್ ಕೆಳಗೆ ಒಬ್ರು ಆದ್ಮಿ ಬಂದಿದ್ದಾರೆ."

ನಾನೇ. ಗುಂಡಿ ಅಚ್ಚುಕಟ್ಟಾಗಿ ಹಾಕಿದ ಅಂಗಿ, ಕಾಲು ಬರಿದು, ಕೈಯಲ್ಲಿ ದಾರ, ಮುಖ ಮೇಲಕ್ಕೆ, ಬಾಯಿ ಇಷ್ಟಗಲ. ರಾಕೆಟ್ಟಿನ ಸುಳಿವಿಲ್ಲ. ಸಿಟ್ಟು ಬಂತು. ಬಸ್ಸಿನಲ್ಲಿ ಕುಳಿತು ಮತ್ತೆ ತೆಗೆದು ನೋಡಿದೆ. ಆ ಮನುಷ್ಯ ನಗುತ್ತಿದ್ದ. ಆ ಊರಿನಲ್ಲಿ ನಾನು ಹಾಗೆ ನಕ್ಕಿದ್ದೆನೆಂದು ಆ ಫೋಟೋ ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ.

ಭಾನುವಾರ ಹೊಸ ರೋಲು ಹಾಕಿ, ಮೊದಲನೆಯದು ದೊಡ್ಡೆತ್ತಿನ ಜೊತೆ ಪಾಲಯ್ಯನದೇ ಎಂದು ನಿಶ್ಚಯಿಸಿ ಹೋದೆ. ಕಾವಲು ಖಾಲಿಯಾಗಿತ್ತು. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಹೇಳಿದಳು. "ಇಲ್ಲಿ ಹುಲ್ಲು ಮುಗೀತಲ್ಲಣ್ಣ. ಎತ್ಗಳು ಮೊಳಕಾಲ್ಮೂರು ಕಡೀಕೆ ಹೋದ್ವು. ಕಿಲಾರಿ ತಾತ ನಿನ್ನೆ ಹೊರಡೋವಾಗ ನಿಮ್ಮನ್ನ ಕೇಳ್ದ. ನಾಳೆ ಐತಾರ, ಬರ್ತಿದ್ರು ಅಂದ." ನಾನು ಆ ದಾರಿಯ ಬಿ.ಜಿ. ಕೆರೆಯವರೆಗೂ ಸೈಕಲ್ ತುಳಿದು ವಿಚಾರಿಸಿದೆ. ಮತ್ತೆ ಎರಡು ಭಾನುವಾರ ಹೋದೆ. ಆಮೇಲೆ ನನಗೆ ವರ್ಗವಾಯಿತು. ಪಾಲಯ್ಯ ಸಿಗಲಿಲ್ಲ.

ಈಗ ಮನೆಗೆ ಯಾರಾದರೂ ಬಂದರೆ ಕಾಫಿಯ ಜೊತೆ ಆಲ್ಬಮ್ಮನ್ನೂ ಕೊಡುತ್ತೇನೆ. ಮರ್ಯಾದಸ್ಥರು ಪುಟ ಮಗುಚುತ್ತಾರೆ, ನೀಲಿ, ನೀಲಿ, ಮತ್ತೆ ನೀಲಿ, ಕೊನೆಗೆ ಬಾಯಿ ಬಿಟ್ಟ ನಾನು. "ಇದು ಚೆನ್ನಾಗಿದೆ, ಯಾರು ತೆಗೆದದ್ದು?" ಎನ್ನುತ್ತಾರೆ. ಪಾಲಯ್ಯನ ಕಥೆಯನ್ನು ಉತ್ಸಾಹದಿಂದ ಹೇಳುತ್ತೇನೆ. "ನೋಡಲಿಕ್ಕೆ ಹೇಗಿದ್ದರು?" ಎಂದು ಯಾರಾದರೂ ಕೇಳಿದರೆ ಮಾತ್ರ ಆಲ್ಬಮ್ಮನ್ನು ಮುಚ್ಚಿ ಕಾಫಿ ಲೋಟ ಎತ್ತಿಕೊಳ್ಳುತ್ತೇನೆ. ಅವನ ಫೋಟೋ ನನ್ನಲ್ಲಿ ಒಂದೂ ಇಲ್ಲ. ಆಕಾಶ ಬೇಕಾದರೆ ಎಪ್ಪತ್ತೊಂದಿವೆ.