ಅತ್ತೆಯ ಮುಖಕ್ಕೆ ಏಳು ತಪ್ಪು

ಅಧ್ಯಕ್ಷೆ: ಐದು ಸಾಲೋದಿಲ್ಲ. ಏಳು! ಏಳು ತಪ್ಪು ಇರಲೇಬೇಕು.

ಸೂಜಿಯಕ್ಕ: ಮೇಡಂ, ಏಳು ಸಾವಿರ ಹೊಲಿಗೆ ಹಾಕು ಅನ್ನಿ, ಹಾಕ್ತೀನಿ. ಏಳು ತಪ್ಪು ಹಾಕು ಅಂದ್ರೆ ನನ್ನ ಕೈ ಓಡಲ್ಲ.

ಅಧ್ಯಕ್ಷೆ: ಓಡದಿದ್ರೆ ನಿಧಾನಕ್ಕೆ ನಡೆಸು. ಸ್ಪರ್ಧೆಗೆ ಇನ್ನೂ ಐದು ವಾರ ಇದೆ.

ದಾರದಂಗಡಿಯವನು: ತಪ್ಪಿಗೂ ಅಷ್ಟೇ ದಾರ ಹಿಡಿಯುತ್ತೆ. ನನ್ನದೇನೂ ಅಡ್ಡಿ ಇಲ್ಲಪ್ಪ.

(ದಾರದಂಗಡಿಯ ಉದ್ದನೆಯ ಮೇಜಿನ ಮೇಲೆ ಚೌಕಟ್ಟಿಗೆ ಬಿಗಿದ ಜಾಲರಿ ಕ್ಯಾನ್ವಾಸ್ ಅಂಗಾತ ಬಿದ್ದಿದೆ. ಅದರ ಮೇಲೆ ಬಣ್ಣದಲ್ಲಿ ಒಬ್ಬ ಮುದುಕಿಯ ಮುಖ. ತೀರಿಕೊಂಡು ಎರಡು ವರ್ಷವಾದ, ಅಧ್ಯಕ್ಷೆಯ ಅತ್ತೆ. ಈ ಮುಖದ ಮೇಲೆ ತೂತು ತೂತಿಗೂ ದಾರ ತುಂಬಿ ಅವರೇ ಅಧ್ಯಕ್ಷೆಯಾಗಿರುವ ಮಹಿಳಾ ಸಂಘದ 'ಸ್ವಹಸ್ತ' ಸ್ಪರ್ಧೆಗೆ ಇಡಬೇಕು. ಬಿಡುವಿನ ವೇಳೆಯಲ್ಲಿ ಸ್ವಂತ ಕೈಯಿಂದ ಮಾಡಿದ ಕಸೂತಿಗೆ ಮಾತ್ರ ಅಲ್ಲಿ ಬಹುಮಾನ. ಅಧ್ಯಕ್ಷೆಗೆ ಬಿಡುವೂ ಇದೆ, ಕೈಯೂ ಎರಡಿವೆ. ಅವುಗಳಿಗೆ ಪರಸ್ಪರ ಪರಿಚಯವಾಗಿಲ್ಲ ಅಷ್ಟೆ. ಆ ಕೊರತೆ ತುಂಬುವವಳು, ಸದಾ ಭುಜದ ಮೇಲಿನ ಸೆರಗಿಗೆ ಒಂದು ಸೂಜಿ ಚುಚ್ಚಿಕೊಂಡೇ ಓಡಾಡುವ ಈ ಸೂಜಿಯಕ್ಕ.)

ಸೂಜಿಯಕ್ಕ: ಹೋದ ವರ್ಷ ನಿಮ್ಮ ಬಾತುಕೋಳಿ ಕಸೂತಿಗೆ ಒಂದು ತಪ್ಪೂ ಇಲ್ಲದೇ ಬಹುಮಾನ ಬಂತಲ್ಲ?

ಅಧ್ಯಕ್ಷೆ: ಬಂತು. ಕೊಡೋವಾಗ ಆ ತೀರ್ಪುಗಾರ್ತಿ ಮೈಕ್ ಮುಂದೆ ಏನಂದಳು ಗೊತ್ತಾ? 'ಇದು ಮನುಷ್ಯರ ಕೈಯೋ, ಯಂತ್ರವೋ' ಅಂತ! ಮುನ್ನೂರು ಜನ ನಕ್ಕರು. ಈ ಸಲ ನೋಡಿದ ತಕ್ಷಣ ಮನುಷ್ಯರ ಕೈ ಅಂತ ಗೊತ್ತಾಗಬೇಕು.

ಸೂಜಿಯಕ್ಕ: ಮನುಷ್ಯರ ಕೈಯೇ ಮೇಡಂ ಅದು. ನಂದು.

ಅಧ್ಯಕ್ಷೆ: ಅಯ್ಯೋ, ನಾನು ಜನ ಏನಂದುಕೊಳ್ತಾರೆ ಅನ್ನೋ ಮಾತಾಡ್ತಿದೀನಿ. ನೀನು ಮಧ್ಯೆ ನಿಜ ತರಬೇಡ.

ದಾರದಂಗಡಿಯವನು: ಮೊದಲು ಕೂದಲು ಮುಗಿಸೋಣ. ಉಣ್ಣೆ ಕೊಡ್ಲಾ? ಬೂದು ಬಣ್ಣದಲ್ಲೇ ಒಂಬತ್ತು ಛಾಯೆ ಇದೆ.

ಅಧ್ಯಕ್ಷೆ: ಉಣ್ಣೆ ಯಾಕೆ? ರೇಷ್ಮೆ ಕೊಡಿ.

ಸೂಜಿಯಕ್ಕ: ವಯಸ್ಸಾದೋರ ಕೂದಲಿಗೆ ರೇಷ್ಮೆ ಹಾಕಿದ್ರೆ ಈಗ ತಾನೇ ಎಣ್ಣೆ ಸುರಿದ ಹಾಗೆ ಮಿಂಚುತ್ತೆ. ಉಣ್ಣೆಯಾದ್ರೆ ಮೆತ್ತಗೆ ಕೂರುತ್ತೆ.

ಅಧ್ಯಕ್ಷೆ: ನಮ್ಮತ್ತೆ ಜನ್ಮದಲ್ಲಿ ಮೆತ್ತಗೆ ಕೂತೋರಲ್ಲ.

ಸೂಜಿಯಕ್ಕ: ಶಾಲಿಗೆ ಇಟ್ಟಿಗೆ ಹೊಲಿಗೆ ಹಾಕ್ತೀನಿ, ಗೋಡೆ ಕಟ್ಟಿದ ಹಾಗೆ ಒಂದು ಮೇಲೆ ಒಂದು ಕೆಳಗೆ. ಹಿನ್ನೆಲೆಗೆ ಬುಟ್ಟಿ ಹೆಣಿಗೆ, ಕ್ಯಾನ್ವಾಸ್ ಸೊಟ್ಟಗಾಗಲ್ಲ. ಮುಖಕ್ಕೆ ಮಾತ್ರ ಸಣ್ಣ ಓರೆ ಹೊಲಿಗೆ, ಒಂದೆಳೆ ಹತ್ತಿ ದಾರ. ನಿಮ್ಮ ತಪ್ಪುಗಳನ್ನ ಹಿನ್ನೆಲೆಯಲ್ಲಿ ಎಲ್ಲಾದ್ರೂ ಸೇರಿಸೋಕೆ ನೋಡ್ತೀನಿ.

ಅಧ್ಯಕ್ಷೆ: ಹಿನ್ನೆಲೆಯಲ್ಲಿ ಮಾಡಿದ ತಪ್ಪು ಯಾರಿಗೆ ಕಾಣುತ್ತೆ? ಮುಖದಲ್ಲೇ ಹಾಕು. ಹಣೇಲಿ ಎರಡು, ಕೆನ್ನೇಲಿ ಎರಡು, ಗದ್ದದಲ್ಲಿ ಒಂದು...

ಸೂಜಿಯಕ್ಕ: ಮುಖದಲ್ಲಿ ಬೇಡ ಮೇಡಂ. ಈ ಓರೆ ಹೊಲಿಗೆ ಎಲ್ಲ ಒಂದೇ ಕಡೆ ವಾಲಬೇಕು. ಬಲಕ್ಕೆ ಅಂದ್ರೆ ಬಲಕ್ಕೇ. ತುಟಿ ಹತ್ರ ಒಂದು ಎಡಕ್ಕೆ ವಾಲಿತೋ, ಬೈಯೋಕೆ ಬಾಯಿ ತೆಗೆದ ಹಾಗೆ ಕಾಣುತ್ತೆ.

ಅಧ್ಯಕ್ಷೆ: ಹೋಲಿಕೆ ಬರುತ್ತೆ ಅನ್ನು! ಬರ್ಕೋ, ತುಟಿ ಹತ್ರ ಒಂದು.

ದಾರದಂಗಡಿಯವನು: ಅತ್ತೆ ಮುಖದಲ್ಲಿ ತಪ್ಪಾ? ಪಾಪ, ಮೂವತ್ತು ವರ್ಷ ನಿಮ್ಮಲ್ಲಿ ತಪ್ಪು ಹುಡುಕಿದ ಜೀವ.

ಅಧ್ಯಕ್ಷೆ: ಈಗ ನನ್ನ ಸರದಿ. ಆದರೆ ತಪ್ಪು ಭಾವುಕವಾಗಿರಬೇಕು ಸೂಜಿ. ಕಣ್ಣಲ್ಲಿ ನೀರು ತುಂಬ್ಕೊಂಡು ಹೊಲಿದಾಗ ಕೈ ನಡುಗಿದ ಹಾಗೆ. ಭಾಷಣದಲ್ಲೂ ಅದೇ ಇದೆ: 'ಪ್ರತಿ ತಪ್ಪಿನಲ್ಲೂ ಒಂದು ಹನಿ ಕಣ್ಣೀರು.' ಬಹಳ ಚೆನ್ನಾಗಿ ಬರೆದುಕೊಟ್ಟಿದಾರೆ.

ಸೂಜಿಯಕ್ಕ: ಭಾಷಣಾನೂ ಬೇರೆಯವರದ್ದಾ?

ಅಧ್ಯಕ್ಷೆ: ಮತ್ತೇನು, ಭಾಷಣಾನ ಯಾರಾದ್ರೂ ತಾವೇ ಬರೀತಾರಾ?

(ಸೂಜಿಯಕ್ಕ ಮಾದರಿಗೆಂದು ಮೂಲೆಯಲ್ಲಿ ನಾಲ್ಕು ಹೊಲಿಗೆ ಹಾಕಿದಳು. ಐದನೆಯದನ್ನು ಉಸಿರು ಬಿಗಿಹಿಡಿದು ಎಡಕ್ಕೆ ವಾಲಿಸಿದಳು. ಅಧ್ಯಕ್ಷೆ ಚಪ್ಪಾಳೆ ತಟ್ಟುವಷ್ಟರಲ್ಲಿ ಅವಳ ಹೆಬ್ಬೆರಳು ಅದನ್ನು ಕಿತ್ತು ಬಲಕ್ಕೆ ಕೂರಿಸಿ ಆಗಿತ್ತು. ಮತ್ತೊಮ್ಮೆ ಮಾಡಿದಳು, ಮತ್ತೆ ಕಿತ್ತಳು. ಮೂರನೇ ಸಲ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಎಡಗೈಯೇ ಹೋಗಿ ಕಿತ್ತಿತು.)

ಅಧ್ಯಕ್ಷೆ: ಏನೇ ಇದು! ಒಂದು ತಪ್ಪು ಮಾಡೋ ಯೋಗ್ಯತೆ ಇಲ್ವಾ ನಿನಗೆ?

ಸೂಜಿಯಕ್ಕ: ಅಭ್ಯಾಸ ಇಲ್ಲ ಮೇಡಂ. ಬಿಡಿ, ಅದಕ್ಕಿಂತ ಮೊದಲು ಒಂದು ಕೆಲಸ. ಇದಕ್ಕೊಂದು ಸಹಿ ಹಾಕಿ.

(ಅವಳು ಚೀಲದಿಂದ ಒಂದು ಅರ್ಜಿಯನ್ನೂ, ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾನ್ವಾಸನ್ನೂ ತೆಗೆದಳು. ಬಟ್ಟೆ ಬಿಡಿಸಿದರೆ ಎರಡು ಕೈಗಳು, ಬಟಾಣಿ ಸುಲಿಯುತ್ತಿರುವ ವಯಸ್ಸಾದ ಕೈಗಳು. ಉಗುರಿನ ಸೀಳು, ಗೆಣ್ಣಿನ ಊತ, ಬೆರಳಿಂದ ಈಗಷ್ಟೇ ಜಾರಿದ ಒಂದು ಕಾಳು. ಅಂಗಡಿಯವನು ಕನ್ನಡಕ ಒರೆಸಿಕೊಂಡ.)

ಸೂಜಿಯಕ್ಕ: ನಮ್ಮಮ್ಮನ ಕೈ. ಎರಡು ವರ್ಷ ಆಯ್ತು ಹೊಲಿಯೋಕೆ. ಈ ಸಲ ಸ್ಪರ್ಧೆಗೆ ಇಡಬೇಕು ಅಂತ.

ಅಧ್ಯಕ್ಷೆ: ಯಾರ ಹೆಸರಲ್ಲಿ?

ಸೂಜಿಯಕ್ಕ: ನನ್ನ ಹೆಸರಲ್ಲಿ.

ಅಧ್ಯಕ್ಷೆ: ನಿನ್ನ ಹೆಸರಲ್ಲಾ! ಆರನೇ ನಿಯಮ ಓದಿಲ್ವಾ? ನಾನೇ ಬರೆದದ್ದು. 'ಹೊಟ್ಟೆಪಾಡಿಗಾಗಿ ಇತರರಿಗೆ ಹೊಲಿದುಕೊಡುವವರಿಗೆ ಪ್ರವೇಶವಿಲ್ಲ.' ನಿಮ್ಮಂಥೋರು ಬಂದ್ರೆ ಹವ್ಯಾಸಿಗಳ ಗತಿ ಏನು? ಅನ್ಯಾಯ ಅಲ್ವಾ?

ಸೂಜಿಯಕ್ಕ: ಬಹುಮಾನ ಬೇಡ ಮೇಡಂ. ಐದು ವರ್ಷದಿಂದ ಸಂಘದ ಗೋಡೇಲಿ ನೇತಾಡ್ತಿರೋದು ನನ್ನ ಕೈಕೆಲಸ. ಕೆಳಗಿನ ಚೀಟಿ ಮಾತ್ರ ಬೇರೆ ಬೇರೆ. ಒಂದು ಚೀಟೀಲಿ ನನ್ನ ಹೆಸರು ಓದಬೇಕು. ಅಷ್ಟೆ.

ಅಧ್ಯಕ್ಷೆ: ಇರು ಇರು. ಐದು ವರ್ಷದಿಂದ ಅಂದ್ಯಾ? ನಂದು ಹೋದ ವರ್ಷದ್ದೊಂದೇ. ಹಾಗಾದ್ರೆ ನಮ್ಮ ಸಂಘದ ಕಾರ್ಯದರ್ಶಿಯ ಎರಡು ಬಹುಮಾನ?

ಸೂಜಿಯಕ್ಕ: ನವಿಲೂ ನಾನೇ, ದೋಣೀನೂ ನಾನೇ.

ಅಧ್ಯಕ್ಷೆ: ನನಗೆ ಗೊತ್ತಿತ್ತು! ಆ ಹೆಂಗಸಿಗೆ ಒಂದು ಗುಂಡಿ ಹಚ್ಚೋಕೂ ಬರಲ್ಲ! ಎಂಥ ಮೋಸ! ಯಾರದೋ ಬೆವರಿಗೆ ತನ್ನ ಹೆಸರಿಟ್ಟುಕೊಂಡು ವೇದಿಕೆ ಮೇಲೆ ನಿಲ್ಲೋಕೆ ನಾಚಿಕೆ ಬೇಡ್ವಾ?

ದಾರದಂಗಡಿಯವನು: ಅಂದ ಹಾಗೆ, ನಿಮಗೆ ಗುಂಡಿ ಹಚ್ಚೋಕೆ ಬರುತ್ತಾ ಮೇಡಂ?

ಅಧ್ಯಕ್ಷೆ: ನನ್ನ ವಿಷಯ ಬೇರೆ. ಅವಳಿಗೆ ಬರಲ್ಲ. ನನಗೆ ಸಮಯ ಇಲ್ಲ. ಸೂಜಿ, ನೀನೊಂದು ಕಾಗದ ಬರೆದುಕೊಡು: 'ಕಾರ್ಯದರ್ಶಿಯವರ ಕಸೂತಿ ಹೊಲಿದದ್ದು ನಾನೇ' ಅಂತ.

ಸೂಜಿಯಕ್ಕ: ಧಾರಾಳವಾಗಿ. ಬರೆಯೋದಾದ್ರೆ ಐದೂ ವರ್ಷದ್ದು ಬರೀತೀನಿ. ಸಾಕ್ಷಿನೂ ಇದೆ. ದಾರದ ಕೊನೇನ ನಾನು ನಾಲ್ಕು ಹೊಲಿಗೆ ಅಡಿಗೆ ತೂರಿಸಿ, ಒಂದು ಹಿಂದಕ್ಕೆ ಬರ್ತೀನಿ. ಐದು ಚಿತ್ರಾನೂ ಬೆನ್ನು ತಿರುಗಿಸಿ ನೋಡಿ, ಗೊತ್ತಾಗುತ್ತೆ.

(ಅಧ್ಯಕ್ಷೆ ಬಟಾಣಿಯ ಕೈಗಳತ್ತ ಬಗ್ಗಿದರು. ಸೋಲುವವರು ಕೊನೆಗೆ ನಿಯಮ ಹುಡುಕುತ್ತಾರೆ, ಇಲ್ಲವೇ ಕುಂದು ಹುಡುಕುತ್ತಾರೆ. ಅವರಿಗೆ ಮೂರನೆಯದೇ ಒಂದು ಸಿಕ್ಕಿತು.)

ಅಧ್ಯಕ್ಷೆ: ಈ ಬಟಾಣಿ ಹಸಿರು! ಇದು ನನ್ನ ಬಾತುಕೋಳಿಯ ಕತ್ತಿನ ಹಸಿರು! ನನ್ನ ದಾರ ಕದ್ದಿದೀಯಾ?

ಸೂಜಿಯಕ್ಕ: ಕೊನೇಲಿ ಉಳಿಯೋ ಬೆರಳುದ್ದದ ತುಂಡುಗಳು ಮೇಡಂ. 'ಕಸಕ್ಕೆ ಹಾಕು' ಅಂದಿರಿ. ಈ ನೀಲಿ ಕಾರ್ಯದರ್ಶಿಯವರ ನವಿಲಿನದು. ಇಡೀ ಚಿತ್ರವೇ ನಿಮ್ಮೆಲ್ಲರ ಕಸ.

ಅಧ್ಯಕ್ಷೆ: ನೋಡು, ನಿಯಮ ಅಂದ್ರೆ ನಿಯಮ. ನೀನು ಬೇರೆಯವರಿಗೆ ಹೊಲಿಯೋಳು. ಅರ್ಜಿ ತಿರಸ್ಕರಿಸಿದೀನಿ. ಎಲ್ಲಿ ಬರೀಬೇಕು?

ದಾರದಂಗಡಿಯವನು: ಇಲ್ಲಿ ಮೇಡಂ. (ಪೆನ್ನು ಕೊಟ್ಟು ಓದುತ್ತಾನೆ) 'ತಿರಸ್ಕರಿಸಿದಲ್ಲಿ, ಅರ್ಜಿದಾರಳು ಯಾರಿಗೆ, ಯಾವಾಗ, ಏನನ್ನು ಹೊಲಿದುಕೊಟ್ಟಳು ಎಂಬ ವಿವರ ನೀಡುವುದು.'

ಅಧ್ಯಕ್ಷೆ: ಅದರಲ್ಲೇನು, ಬರೀತೀನಿ. ಹೋದ ವರ್ಷ... ಬಾತುಕೋಳಿ...

(ಪೆನ್ನು ನಿಂತಿತು.)

ದಾರದಂಗಡಿಯವನು: ಬಾತುಕೋಳಿ. ಯಾರಿಗೆ ಅಂತ ಬರೀತೀರಿ?

ಅಧ್ಯಕ್ಷೆ: ನೀವು ಸುಮ್ನಿರ್ರೀ! ಕಾರ್ಯದರ್ಶಿಗೆ ಅಂತ ಬರೆದರೆ?

ಸೂಜಿಯಕ್ಕ: ಬರೀರಿ. ಅವರೂ ನಿಮ್ಮದನ್ನ ಬರೀತಾರೆ.

ಅಧ್ಯಕ್ಷೆ: ತಿರಸ್ಕರಿಸದೇ ಇದ್ರೆ?

ದಾರದಂಗಡಿಯವನು: ಆಗ ಕೆಳಗಡೆ ಒಂದು ಸಹಿ ಸಾಕು. 'ಅರ್ಜಿದಾರಳು ಇತರರಿಗಾಗಿ ಹೊಲಿಯುವವಳಲ್ಲ ಎಂದು ಖುದ್ದಾಗಿ ದೃಢೀಕರಿಸುತ್ತೇನೆ.' ಈ ಕಾಲಂ ಕೂಡ ನಿಮ್ಮದೇ ಬರವಣಿಗೆ ಅನ್ಸುತ್ತೆ.

(ಅಧ್ಯಕ್ಷೆ ಕ್ಯಾನ್ವಾಸಿನ ಮೇಲಿದ್ದ ಅತ್ತೆಯನ್ನು ನೋಡಿದರು. ಅತ್ತೆ ಅವರನ್ನು ನೋಡಿದರು, ಬದುಕಿದ್ದಾಗ ನೋಡುತ್ತಿದ್ದಂತೆಯೇ. ಸಹಿ ಬಿತ್ತು. ಸೂಜಿಯಕ್ಕ ಶಾಯಿ ಒಣಗುವವರೆಗೂ ಊದಿದಳು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟುಕೊಂಡಳು.)

ಅಧ್ಯಕ್ಷೆ: ಆಯ್ತಲ್ಲ ನಿನ್ನ ಹಟ? ಈಗ ಕೂತ್ಕೊಂಡು ನನ್ನ ಏಳು ತಪ್ಪು ಶುರು ಮಾಡು.

ಸೂಜಿಯಕ್ಕ: ಅದು ಆಗಲ್ಲ ಮೇಡಂ.

ಅಧ್ಯಕ್ಷೆ: ಯಾಕಾಗಲ್ಲ?

ಸೂಜಿಯಕ್ಕ: ನಾನು ಬೇರೆಯವರಿಗೆ ಹೊಲಿಯೋಳಲ್ಲ. ಖುದ್ದಾಗಿ ನೀವೇ ದೃಢೀಕರಿಸಿದೀರಿ. ನಿಮ್ಮ ಸಹಿ ಸುಳ್ಳು ಮಾಡಲಾ?

ಅಧ್ಯಕ್ಷೆ: ಮತ್ತೆ ಹೊಟ್ಟೆಗೇನು ಮಾಡ್ತೀಯ?

ಸೂಜಿಯಕ್ಕ: ಕಲಿಸ್ತೀನಿ. ಇವರು ಅಂಗಡಿ ಹಿಂದಿನ ಕೋಣೆ ಕೊಟ್ಟಿದಾರೆ. ಕಲಿಸಬಾರದು ಅಂತ ಯಾವ ನಿಯಮದಲ್ಲೂ ಇಲ್ಲ, ಎಲ್ಲ ಓದಿ ನೋಡಿದೀನಿ. ಮೊದಲನೇ ಪಾಠ, ಸೂಜಿಗೆ ದಾರ ಪೋಣಿಸೋದು.

ದಾರದಂಗಡಿಯವನು: ಕಲಿಯೋರು ಬಹಳ ದಾರ ಹಾಳುಮಾಡ್ತಾರೆ. ನನ್ನದೇನೂ ಅಡ್ಡಿ ಇಲ್ಲ.

ಅಧ್ಯಕ್ಷೆ: ಸೂಜಿ, ಐದು ವಾರದಲ್ಲಿ ಈ ಇಡೀ ಮುಖ ನಾನು... ನಾನೇ?

ಸೂಜಿಯಕ್ಕ: (ಸೆರಗಿನ ಸೂಜಿಯನ್ನು ತೆಗೆದು ಅವರ ಕೈಗಿಡುತ್ತಾ) ಒಂದು ಸಮಾಧಾನ ಇದೆ ಮೇಡಂ. ತಪ್ಪಿಗೆ ನೀವೇನೂ ಕಷ್ಟಪಡಬೇಕಾಗಿಲ್ಲ.

(ದಾರ ಪೋಣಿಸಲು ಅಧ್ಯಕ್ಷೆಗೆ ಹದಿನೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎರಡು ಸಲ ಬೆರಳು ಚುಚ್ಚಿಕೊಂಡರು, ಒಂದು ಸಲ ಕಾರ್ಯದರ್ಶಿಗೆ ಶಾಪ ಹಾಕಿದರು. ಕೊನೆಗೆ ನಾಲಿಗೆ ಕಚ್ಚಿಕೊಂಡು, ಅತ್ತೆಯ ತುಟಿಯ ಪಕ್ಕದಲ್ಲಿ, ತಮ್ಮ ಬದುಕಿನ ಮೊದಲ ಹೊಲಿಗೆ ಹಾಕಿದರು. ಅದು ಎಡಕ್ಕೆ ವಾಲಿತು. ಮುದುಕಿ ಬೈಯಲು ಬಾಯಿ ತೆಗೆದಳು. ಅಂಗಡಿಯವನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.)

ದಾರದಂಗಡಿಯವನು: ಹೋಲಿಕೆ ಬಂತು ಮೇಡಂ.