ಮಂಗಳ ಗ್ರಹದವರಿಗೆ ಯಾವ ಗೋತ್ರ?

ನನ್ನ ಸೋದರಮಾವ ಮಂಗಳ ಗ್ರಹಕ್ಕೆ ಇನ್ನೂ ಹೋಗಿಲ್ಲ. ಆದರೆ ಅಲ್ಲಿ ಏಕಾದಶಿ ಯಾವಾಗ ಎಂದು ಕೇಳಿ ನೋಡಿ, ಪಂಚಾಂಗ ಮುಂದಿಟ್ಟುಕೊಂಡವರ ಹಾಗೆ ಥಟ್ಟನೆ ಹೇಳುತ್ತಾರೆ! ಆ ಗ್ರಹಕ್ಕೆ ಇಬ್ಬರು ಚಂದ್ರರಂತೆ. ಅವರಲ್ಲಿ ಒಬ್ಬನಿಗೆ ವಿಪರೀತ ಅವಸರ, ದಿನಕ್ಕೆ ಮೂರು ಸುತ್ತು ಹೊಡೆಯುತ್ತಾನಂತೆ. ಅವನನ್ನು ನಂಬಿ ಕೂತರೆ ದಿನಕ್ಕೆ ಆರು ಏಕಾದಶಿ, ಒಂದೊಂದೂ ಕಾಲು ಗಂಟೆಯದು. ಕಾಲು ಗಂಟೆಯ ಉಪವಾಸ! ಅಂಥ ಏಕಾದಶಿಯನ್ನು ನಾನೂ ಮಾಡಬಲ್ಲೆ. ತೊಟ್ಟು ನೀರೂ ಮುಟ್ಟದೆ ಏಕಾದಶಿ ಮಾಡುವ ನನ್ನ ಅಮ್ಮ ಮಾತ್ರ ತಮ್ಮನ ಲೆಕ್ಕ ಕೇಳಿ ಹಣೆ ಚಚ್ಚಿಕೊಂಡಳು.

"ಲೋ, ಅಡುಗೆ ಮಾಡಿ, ನೈವೇದ್ಯ ಆಗಿ, ಎಲೆ ಹಾಕೋಷ್ಟರಲ್ಲಿ ಮುಂದಿನ ಏಕಾದಶಿ ಬಂದಿರತ್ತಲ್ಲೋ! ಆ ಜನ ಊಟ ಮಾಡೋದು ಯಾವಾಗ?"

"ಒಳ್ಳೆ ಪ್ರಶ್ನೆ ಅಕ್ಕ," ಎಂದರು ಮಾವ, ತೀರಾ ಗಂಭೀರವಾಗಿ. "ಫುಟ್‌ನೋಟಲ್ಲಿ ಹಾಕ್ತೀನಿ."

ಮಾವ ಶಿಕಾಗೋ ಕಡೆಯ ಒಂದು ಕಾಲೇಜಿನಲ್ಲಿ ಪ್ರೊಫೆಸರ್. ವಿಷಯ: ಧರ್ಮ ಮತ್ತು ವೈಜ್ಞಾನಿಕ ಕಥೆಗಳು. ರೋಬೋಟಿಗೆ ಭಕ್ತಿ ಹುಟ್ಟಿದರೆ ಮೋಕ್ಷ ಉಂಟೇ, ಬೇರೆ ಗ್ರಹದವರು ನಮ್ಮ ದೇವರಿಗೆ ನಮಸ್ಕಾರ ಮಾಡಿದರೆ ದೇವರು ಗುರುತು ಹಿಡಿಯುತ್ತಾನೆಯೇ, ಇಂಥದನ್ನೆಲ್ಲ ಕಾದಂಬರಿ ಓದಿಸಿ, ಸಿನಿಮಾ ತೋರಿಸಿ ಪಾಠ ಹೇಳುವುದು. ಇದಕ್ಕೆ ಸಂಬಳ ಕೊಡುತ್ತಾರೆಯೇ ಎಂದು ಕೇಳಬೇಡಿ, ನಾವೆಲ್ಲ ಕೇಳಿಯಾಗಿದೆ. ಕೊಡುತ್ತಾರೆ! ನಾವಿರುವ ಮಿಷಿಗನ್‌ನ ನೋವೈ ಊರಿನಲ್ಲಿ ಯಾವ ಕಡೆ ಕಲ್ಲೆಸೆದರೂ ಕಾರ್ ಕಂಪನಿಯ ಇಂಜಿನಿಯರಿಗೇ ತಾಗುತ್ತದೆ. ಹೀಗಿರುವಾಗ "ನಿಮ್ಮ ತಮ್ಮ ಯಾವ ಕಂಪನೀಲಿದಾರೆ ಆಂಟಿ?" ಎಂದು ಯಾರಾದರೂ ಕೇಳಿದರೆ ಅಮ್ಮ ಏನು ಹೇಳಬೇಕು? ಸ್ವಲ್ಪ ತಡವರಿಸಿ, ಆಕಾಶದ ಕಡೆ ಕೈ ತೋರಿಸಿ, "ಅವನದು ಮೇಲಿನೋರ ಡಿಪಾರ್ಟ್‌ಮೆಂಟು," ಎಂದುಬಿಡುತ್ತಾಳೆ.

ಅಂಥ ಮಾವ ಒಂದು ದಿನ ಫೋನ್ ಮಾಡಿ, "ಶನಿವಾರ ಮಾಯಾ ಅರ್ಚನೆಗೆ ನಾನೂ ಬರ್ತಿದೀನಿ ಕಣೇ," ಎಂದಾಗ ನನ್ನ ಎದೆ ಧಸಕ್ಕೆಂದಿತು.

ಮಾಯಾ ನಮ್ಮ ಮಗಳು. ನಾಲ್ಕು ವರ್ಷದವಳು. ಹಿಂದಿನ ವರ್ಷ ಒಂದು ಗುಲಾಬಿ ಬ್ಯಾಗು ಹಿಡಿದು ನಮ್ಮ ಮನೆಗೆ ಬಂದವಳು, ಈಗ ಕೋರ್ಟಿನಲ್ಲಿ ದತ್ತು ಪೂರ್ತಿಯಾಗಿ ನಮ್ಮವಳೇ ಆಗಿದ್ದಳು. ಮಾಯಾ ಎಂಬುದು ಬರುವಾಗ ಅವಳೇ ತಂದ ಹೆಸರು. ದೇವಸ್ಥಾನದಲ್ಲಿ ಆ ಹೆಸರಿಗೆ ಮೊದಲ ಅರ್ಚನೆ ಮಾಡಿಸಬೇಕೆಂದು ನಾನೂ ನನ್ನ ಗಂಡನೂ ಆಸೆಪಟ್ಟಿದ್ದೆವು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಮಗುವಿಗೆ ದಿನಾ ಗುಂಗುರುಕೂದಲು ಬಿಡಿಸಿ ಜಡೆ ಹಾಕುತ್ತಿದ್ದಳು, ಮೊಸರನ್ನ ಕಲಸಿ ತಿನ್ನಿಸುತ್ತಿದ್ದಳು. ಆದರೆ ಅರ್ಚನೆ ಎಂದೊಡನೆ ಅವಳ ಮುಖ ಸಣ್ಣದಾಯಿತು.

"ಪ್ರೀತಿ ಬೇರೆ, ಗೋತ್ರ ಬೇರೆ ಕಣೇ. ಭಟ್ಟರು ಕೇಳಿದ್ರೆ ಏನಂತ ಹೇಳ್ತೀಯ? ಶಾಸ್ತ್ರದ ಪ್ರಕಾರ ದತ್ತು ಹೋಮ ಆಗಿಲ್ಲ. ದೇವರ ಮುಂದೆ ನಿಂತ್ಕೊಂಡು ಸುಳ್ಳು ಹೇಳಕ್ಕಾಗತ್ತಾ?"

"ಕೋರ್ಟ್ ಆರ್ಡರ್ ಇದೆಯಲ್ಲಮ್ಮಾ!"

"ದೇವರೇನು ಮಿಷಿಗನ್ ಕೋರ್ಟಿಗೆ ಬರ್ತಾನೇನೇ?"

ನನಗೆ ಅಳುವೇ ಬಂತು. ಅಮ್ಮ ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವಳು ಕೆಟ್ಟವಳಲ್ಲವಲ್ಲ! ಸುಳ್ಳು ಹೇಳಲಾರದ ಹೆಂಗಸು, ಅಷ್ಟೇ. ಹೇಗೋ ಗಲಾಟೆಯಿಲ್ಲದೆ ಅರ್ಚನೆ ಮುಗಿಯಲಿ, ಮಗುವಿನ ಎದುರು ಯಾರೂ ತಡವರಿಸದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಾವನ ಫೋನು! ಮೊದಲೇ ಮರ್ಕಟ, ಅದರ ಮೇಲೆ ಮದ್ಯ ಕುಡಿದ ಹಾಗೆ.

ಏಕೆಂದರೆ ಆ ದೇವಸ್ಥಾನದ ಭಟ್ಟರಿಗೂ ನಮ್ಮ ಮಾವನಿಗೂ ಹಳೆಯ ಸಂಬಂಧವಿತ್ತು. ಗಣೇಶನ ಹಬ್ಬದ ದಿನ, ಸಾಲು ಚಪ್ಪಲಿ ಸ್ಟ್ಯಾಂಡಿನವರೆಗೂ ಬೆಳೆದಿದ್ದಾಗ, ಮಂಗಳಾರತಿ ತಟ್ಟೆಯ ಮುಂದೆ ನಿಂತು ಮಾವ ಕೇಳಿದ್ದರು: "ಭಟ್ಟರೇ, ಮಂಗಳ ಗ್ರಹದಿಂದ ಯಾರಾದ್ರೂ ಬಂದು ಅರ್ಚನೆ ಮಾಡಿಸಿದ್ರೆ ಗೋತ್ರ ಏನಂತ ಹೇಳ್ತೀರಿ?"

ಭಟ್ಟರು ಅನುಭವಸ್ಥರು. ಹೊಸ ಕಾರಿನ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಇಟ್ಟು ಅವರಿಗೆ ಯಾವುದೂ ವಿಚಿತ್ರವಾಗಿ ಕಾಣುವುದಿಲ್ಲ. "ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಸಾರ್," ಎಂದರು.

"ಮೂರು ತಲೆ ಇದ್ರೆ?"

"ಟಿಕೆಟ್ ಒಂದೇ ಸಾರ್. ಮುಂದಕ್ಕೆ ಬನ್ನಿ."

"ತೀರ್ಥ? ಮೂರು ಬಾಯಿಗೂ ಕೊಡ್ತೀರಾ?"

ಭಟ್ಟರು ಮಾವನ ಒಂದೇ ಬಾಯಿಗೆ ಮೂರು ಉದ್ಧರಣೆ ತೀರ್ಥ ಹಾಕಿ ಅದನ್ನು ಮುಚ್ಚಿಸಿದರು.

ಶುಕ್ರವಾರ ಸಂಜೆ ಮಾವ ಎಂದಿನಂತೆ ಒಂದು ಗಂಟೆ ತಡವಾಗಿ ಬಂದರು. ಶಿಕಾಗೋದ ಗಡಿಯಾರಕ್ಕೂ ನಮ್ಮದಕ್ಕೂ ಒಂದು ಗಂಟೆ ವ್ಯತ್ಯಾಸ. ಇಂಡಿಯಾನಾ ಮುಗಿದು ಮಿಷಿಗನ್ ಶುರುವಾದಲ್ಲಿ ಒಂದು ಗಂಟೆ ಮಂಗಮಾಯ! ಆ ಕಳೆದುಹೋದ ಗಂಟೆಯಲ್ಲಿ ರಾಹುಕಾಲ ಬಿದ್ದರೆ ಅದು ಲೆಕ್ಕಕ್ಕುಂಟೇ ಎಂದು ಯೋಚಿಸುತ್ತ ಡ್ರೈವ್ ಮಾಡಿ, ನೋವೈ ಎಕ್ಸಿಟ್ ದಾಟಿ ಡೆಟ್ರಾಯಿಟ್ ತನಕ ಹೋಗಿ ವಾಪಸ್ಸು ಬಂದಿದ್ದರು. ಬಂದವರೇ ಶೂ ಕೂಡ ಬಿಚ್ಚದೆ ಮಾಯಾಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಮೇಡಂ, ಒಂದು ಮುಖ್ಯವಾದ ವಿಷಯ. ಬೇರೆ ಗ್ರಹದೋರು ನಿಮ್ಮನೆಗೆ ಬಂದ್ರೆ ಏನು ಪ್ರಸಾದ ಕೊಡ್ತೀರಿ?"

ಮಾಯಾ ಯೋಚಿಸಿದಳು. "ಮ್ಯಾಕ್ ಅಂಡ್ ಚೀಸ್."

"ಈರುಳ್ಳಿ ಹಾಕ್ತೀರಾ?"

"ಈರುಳ್ಳಿ? ಯಕ್! ನೋ!"

"ಸಾತ್ವಿಕ!" ಎಂದು ಮಾವ ತಲೆದೂಗಿದರು. ಅವರ ಇಷ್ಟು ವರ್ಷದ ಪಾಂಡಿತ್ಯಕ್ಕೆ ಸರಿಸಾಟಿಯಾದ ವಿದ್ವಾಂಸರು ನಮ್ಮ ವಂಶದಲ್ಲಿ ಸಿಕ್ಕಿದ್ದು ಅದೇ ಮೊದಲು. ಇಬ್ಬರೂ ಸೋಫಾದ ಕೆಳಗೆ ನುಗ್ಗಿ ಅಂತರಿಕ್ಷ ನೌಕೆ ಕಟ್ಟತೊಡಗಿದರು. ನೌಕೆಯೊಳಗಿಂದ ಮಾಯಾಳ ಸಣ್ಣ ಧ್ವನಿ ಕೇಳಿಸಿತು: "ಡು ಏಲಿಯನ್ಸ್ ಹ್ಯಾವ್ ಗ್ರಾಂಡ್‌ಮಾಸ್?"

ಬೇರೆ ಗ್ರಹದವರಿಗೆ ಅಜ್ಜಿ ಇರುತ್ತಾರೆಯೇ! ಮಾವ ಸೋಫಾದ ಕೆಳಗಿಂದ ತಲೆ ಹೊರಹಾಕಿ ಅಮ್ಮನನ್ನು ನೋಡಿದರು. "ಅದು ನನ್ನ ಸಬ್ಜೆಕ್ಟ್ ಅಲ್ಲ ಪುಟ್ಟಾ. ಅಕ್ಕನ್ನ ಕೇಳ್ಬೇಕು."

ಅಮ್ಮ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು ಮಾವನನ್ನು ಬಾಗಿಲಲ್ಲೇ ಹಿಡಿದು ಗೋಗರೆದೆ. "ಮಾವ, ಇವತ್ತೊಂದು ದಿನ ಬಾಯಿ ಬಿಡಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಮಂಗಳ ಗ್ರಹ ಬೇಡ, ರೋಬೋಟ್ ಬೇಡ."

"ನಾನ್ಯಾಕೆ ಮಾತಾಡ್ಲಿ?" ಎಂದರು ಮಾವ. ಆ ಧ್ವನಿ ಕೇಳಿಯೇ ನನಗೆ ನಂಬಿಕೆ ಹೋಯಿತು.

ಗರ್ಭಗುಡಿಯ ಮುಂದೆ ನಿಂತೆವು. ಮಾಯಾ ಲಂಗ ರವಿಕೆಯಲ್ಲಿ ನನಗೂ ನನ್ನ ಗಂಡನಿಗೂ ನಡುವೆ. ಭಟ್ಟರು ಹೂವಿನ ತಟ್ಟೆ ಹಿಡಿದು ಬಂದರು. ಮಾವನನ್ನು ಕಂಡು ಅರೆಕ್ಷಣ ಕಣ್ಣು ಮುಚ್ಚಿಕೊಂಡರು.

"ಹೆಸರು?"

"ಮಾಯಾ," ಎಂದೆ.

"ಗೋತ್ರ?"

ನನ್ನ ಗಂಡ ಬಾಯಿ ತೆರೆದ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ ಅಮ್ಮನನ್ನು ನೋಡಿ ಹಾಗೇ ನಿಂತುಬಿಟ್ಟ. ನಾನೂ ನಿಂತುಬಿಟ್ಟೆ. ಮಾಯಾ ತಲೆಯೆತ್ತಿ ನಮ್ಮಿಬ್ಬರ ಮುಖ ನೋಡಿದಳು. ಅದೇ ಹೊತ್ತಿಗೆ ಹಿಂದಿನಿಂದ ಮಾವ ಗಂಟಲು ಸರಿಮಾಡಿಕೊಂಡರು. ಹೋಯ್ತು! ಎಲ್ಲಾ ಹೋಯ್ತು!

"ಭಟ್ಟರೇ, ನೀವೇ ಹೇಳಿದ್ರಲ್ಲ," ಎಂದರು ಮಾವ, ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ಹಾಗೆ. "ಗೋತ್ರ ಗೊತ್ತಿಲ್ಲದವರಿಗೆ, ಬೇರೆ ಗ್ರಹದಿಂದ ಬಂದೋರಿಗೆ, ಕಾಶ್ಯಪ ಗೋತ್ರ. ಅದನ್ನೇ ಹೇಳ್ಬಿಡಿ."

ಭಟ್ಟರು ಹೂವು ಎತ್ತಿದರು.

"ಏಯ್!" ಎಂದಳು ಅಮ್ಮ.

ದೇವಸ್ಥಾನವೇ ತಿರುಗಿ ನೋಡಿತು. ಅಮ್ಮ ಯಾವತ್ತೂ ದೇವರ ಮುಂದೆ ಧ್ವನಿ ಏರಿಸಿದವಳಲ್ಲ. "ಗೊತ್ತಿಲ್ಲದೋರು ಯಾರೋ? ಏನು, ಮಗು ಮಂಗಳ ಗ್ರಹದಿಂದ ಉದುರಿದೆಯೇನೋ? ಅಪ್ಪ ಅಮ್ಮ ಕಣ್ಮುಂದೆ ನಿಂತಿಲ್ವಾ? ನಾನು ನಿಂತಿಲ್ವಾ? ಭಟ್ಟರೇ, ಇವನ ಮಾತು ಕೇಳ್ಬೇಡಿ. ಶ್ರೀವತ್ಸ ಗೋತ್ರ. ಅವರಪ್ಪನ ಗೋತ್ರ, ಹೇಳಿ ನೀವು!"

"ನಕ್ಷತ್ರ ಅಮ್ಮಾ?"

"ಹುಟ್ಟಿದ ಗಳಿಗೆ ತಿಳಿದಿಲ್ಲ. ಹೆಸರಿನ ಮೇಲೆ ತೊಗೊಂಡ್ರೆ ಮಖಾ, ಸಿಂಹ ರಾಶಿ. ನಾನು ನೋಡಿದೀನಿ."

ನೋಡಿದ್ದಾಳಂತೆ! ಯಾವಾಗ ಪಂಚಾಂಗ ತೆಗೆದಿದ್ದಳು, ಎಷ್ಟು ದಿನದಿಂದ ಒಳಗೇ ಇಟ್ಟುಕೊಂಡಿದ್ದಳು? ಭಟ್ಟರು "ಶ್ರೀವತ್ಸ ಗೋತ್ರೋದ್ಭವಾಯಾಃ" ಎಂದು ಶುರುಮಾಡಿದರು. ನನ್ನ ಕಣ್ಣು ತುಂಬಿಕೊಂಡು ದೇವರೇ ಕಾಣಿಸಲಿಲ್ಲ.

ವಾಪಸ್ಸು ಬರುವಾಗ ನನ್ನ ಗಂಡ ಡ್ರೈವ್ ಮಾಡುತ್ತಿದ್ದ, ಪಕ್ಕದಲ್ಲಿ ಮಾವ. ಹಿಂದಿನ ಸೀಟಿನಲ್ಲಿ ನಾನು, ಅಮ್ಮ, ನಡುವೆ ಕಾರ್ ಸೀಟಿನಲ್ಲಿ ಲಡ್ಡು ಮೆಲ್ಲುತ್ತ ಮಾಯಾ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದೆಂಬ ಈ ದೇಶದ ಕಾನೂನನ್ನು ಅಮ್ಮ ಇಡೀ ದಾರಿ ಬೈಯುತ್ತಿದ್ದಳು. ಕಾರ್ ಸೀಟಿನ ಬೆಲ್ಟುಗಳ ನಡುವೆ ಕೈ ತೂರಿಸಿ ಮಾಯಾಳ ಅಂಟು ಬೆರಳುಗಳನ್ನು ಹಿಡಿದುಕೊಂಡಿದ್ದಳು.

"ಅಜ್ಜಿ," ಎಂದಳು ಮಾಯಾ, ಉತ್ತರ ಬಾಕಿಯಿರುವುದನ್ನು ಮರೆಯದೆ, "ಡು ಏಲಿಯನ್ಸ್ ಹ್ಯಾವ್ ಗ್ರಾಂಡ್‌ಮಾಸ್?"

ಅಮ್ಮ ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದಳು. "ಹ್ಯಾವ್," ಎಂದಳು. "ಹ್ಯಾವ್, ಹ್ಯಾವ್. ಎವ್ರಿಬಡಿ ಹ್ಯಾವ್."

ಮುಂದಿನ ಸೀಟಿನಿಂದ ಇದರ ಮೇಲೊಂದು ಪ್ರಶ್ನೆ ಬಂದೇ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಮಾವ ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು, ಮನೆ ಬರುವವರೆಗೂ ಒರೆಸುತ್ತಲೇ ಇದ್ದರು.